ಇಳಿಜಾರಿನ ಕೋನ ಏನೇ ಇರಲಿ, ಉತ್ತರ ಒಂದೇ ಬರುತ್ತಿದೆ: ಬಲ, ಚಲನೆ, ಶಕ್ತಿ ಪುನರಾವರ್ತನೆಯಲ್ಲಿ ಎದ್ದ ಸಂದೇಹ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಪರೀಕ್ಷೆಗೆ ಇನ್ನು ಮೂರು ವಾರವಿದ್ದು, ಭೌತಶಾಸ್ತ್ರದ ಚಲನೆ, ಬಲ, ಕೆಲಸ ಮತ್ತು ಶಕ್ತಿಯ ಪಾಠಗಳನ್ನು ಮತ್ತೊಮ್ಮೆ ಓದಿ ಮುಗಿಸಿದ್ದೇನೆ. ಒಂದು ಪಾಠ ಓದಿದ ಕೂಡಲೇ ಅದರ ಕೊನೆಯ ಲೆಕ್ಕಗಳನ್ನು ಮಾಡಿದರೆ ಹೆಚ್ಚಿನವು ಸರಿಯಾಗುತ್ತವೆ. ಆದರೆ ಎಲ್ಲ ಪಾಠಗಳ ಲೆಕ್ಕಗಳೂ ಬೆರೆತಿರುವ ಪ್ರಶ್ನೆಪತ್ರಿಕೆ ಮುಂದೆ ಬಂದಾಗ ಯಾವ ಸೂತ್ರದಿಂದ ಆರಂಭಿಸಬೇಕೆಂದು ತೋಚದೆ ಹತ್ತು ನಿಮಿಷ ಸುಮ್ಮನೆ ಕಳೆದುಹೋಗುತ್ತದೆ. ಸೂತ್ರಗಳೆಲ್ಲ ಬಾಯಿಪಾಠವಾಗಿರುವುದರಿಂದ ಮರೆತುಹೋಗಿದೆ ಎಂದು ಹೇಳಿ ತಪ್ಪಿಸಿಕೊಳ್ಳುವಂತೆಯೂ ಇಲ್ಲ.

ನನ್ನನ್ನು ಗೊಂದಲಕ್ಕೆ ಬೀಳಿಸಿದ ಲೆಕ್ಕ ಇದು. 2 ಕಿಲೋಗ್ರಾಂ ದ್ರವ್ಯರಾಶಿಯ ಮರದ ತುಂಡೊಂದು 1.8 ಮೀಟರ್ ಎತ್ತರದಲ್ಲಿ ನಿಶ್ಚಲವಾಗಿದ್ದು, ಘರ್ಷಣೆಯಿಲ್ಲದ ನುಣುಪಾದ ಇಳಿಜಾರಿನಲ್ಲಿ ಜಾರಿ ಕೆಳಗೆ ಬರುತ್ತದೆ. ಅಲ್ಲಿಂದ ಮುಂದೆ ಸಮತಟ್ಟಾದ ಒರಟು ನೆಲದ ಮೇಲೆ ಸಾಗಿ ನಿಲ್ಲುತ್ತದೆ. ನೆಲದ ಘರ್ಷಣಾ ಗುಣಾಂಕ 0.3, ಗುರುತ್ವ ವೇಗೋತ್ಕರ್ಷ 10 ಮೀ/ಸೆ² ಎಂದಿಟ್ಟುಕೊಂಡು, ತುಂಡು ನೆಲದ ಮೇಲೆ ಎಷ್ಟು ದೂರ ಸಾಗುತ್ತದೆಂದು ಕಂಡುಹಿಡಿಯಬೇಕು.

ನಾನು ಚಲನೆಯ ಸಮೀಕರಣಗಳನ್ನು ಹಿಡಿದೆ. ಅದಕ್ಕೆ ಇಳಿಜಾರಿನ ಕೋನ ಬೇಕು. ಪ್ರಶ್ನೆಯಲ್ಲಿ ಅದನ್ನು ಕೊಟ್ಟೇ ಇಲ್ಲ. ಬೇರೆ ದಾರಿ ಕಾಣದೆ 30 ಡಿಗ್ರಿ ಎಂದು ಊಹಿಸಿದೆ. ಆಗ ವೇಗೋತ್ಕರ್ಷ 5 ಮೀ/ಸೆ², ಇಳಿಜಾರಿನ ಉದ್ದ 3.6 ಮೀಟರ್, ಬುಡದಲ್ಲಿ ವೇಗ ಸೆಕೆಂಡಿಗೆ 6 ಮೀಟರ್, ನೆಲದ ಮೇಲೆ ಸಾಗಿದ ದೂರ 6 ಮೀಟರ್ ಬಂತು. ಪುಸ್ತಕದ ಕೊನೆಯಲ್ಲಿರುವ ಉತ್ತರವೂ ಅದೇ. ಅದೃಷ್ಟವಿರಬೇಕೆಂದು 45 ಡಿಗ್ರಿ ಹಿಡಿದು ಮತ್ತೆ ಮಾಡಿದೆ, ಆಗಲೂ 6 ಮೀಟರ್. ಊಹಿಸಿ ಬರೆದ ಸಂಖ್ಯೆ ಉತ್ತರವನ್ನು ಬದಲಿಸದಿರುವುದು ಹೇಗೆ? ನನ್ನ ಸ್ನೇಹಿತನೊಬ್ಬ ಇದೇ ಲೆಕ್ಕವನ್ನು ಶಕ್ತಿಯ ಮೂಲಕ ಎರಡೇ ಸಾಲಿನಲ್ಲಿ ಮುಗಿಸಿದ್ದಾನೆ. ಶಕ್ತಿಯ ದಾರಿಯನ್ನು ಯಾವಾಗ ಹಿಡಿಯಬೇಕು, ಬಲದ ದಾರಿಯನ್ನು ಯಾವಾಗ ಹಿಡಿಯಬೇಕು ಎಂದು ಮೊದಲೇ ತಿಳಿಯುವ ಉಪಾಯವಿದೆಯೇ?

ಇನ್ನೊಂದು ಸಣ್ಣ ಸಂದೇಹವೂ ಇದೆ. ಮೇಜಿನ ಮೇಲಿರುವ ಪುಸ್ತಕದ ತೂಕ ಕ್ರಿಯೆ, ಮೇಜು ಪುಸ್ತಕವನ್ನು ಮೇಲಕ್ಕೆ ತಳ್ಳುವ ಬಲ ಪ್ರತಿಕ್ರಿಯೆ ಎಂದು ಬರೆದಿದ್ದಕ್ಕೆ ಕಿರುಪರೀಕ್ಷೆಯಲ್ಲಿ ಅಂಕ ಕಳೆದುಕೊಂಡೆ. ಎರಡೂ ಸಮ, ಎರಡೂ ವಿರುದ್ಧ ದಿಕ್ಕಿನವು. ತಪ್ಪು ಎಲ್ಲಿದೆ?

ಉತ್ತರ 1

ಕೋನವನ್ನು ಊಹಿಸಿದ್ದು ತಪ್ಪಾದರೂ, ಬಂದ ಉತ್ತರವನ್ನು ನಂಬದೆ ಬೇರೆ ಕೋನ ಹಿಡಿದು ಪರೀಕ್ಷಿಸಿದ್ದು ತುಂಬ ಒಳ್ಳೆಯ ಕೆಲಸ. ನಿಮ್ಮ ಪ್ರಶ್ನೆಗೆ ಉತ್ತರ ಆ ಎರಡು ಲೆಕ್ಕಗಳಲ್ಲಿಯೇ ಇದೆ.

ಇಳಿಜಾರು ಕಡಿದಾದಷ್ಟೂ ಅದರ ಉದ್ದಕ್ಕೆ ತುಂಡನ್ನು ಎಳೆಯುವ ಬಲ ಹೆಚ್ಚುತ್ತದೆ, ಆದರೆ ಅದೇ ಎತ್ತರದಿಂದ ಇಳಿಯಲು ಜಾರಬೇಕಾದ ಉದ್ದ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ನಿಮ್ಮ ತುಂಡಿನ ತೂಕ 20 ನ್ಯೂಟನ್. 30 ಡಿಗ್ರಿಯಲ್ಲಿ ಇಳಿಜಾರಿನ ದಿಕ್ಕಿನ ಘಟಕ 10 ನ್ಯೂಟನ್, ಉದ್ದ 3.6 ಮೀಟರ್, ಗುಣಿಸಿದರೆ 36 ಜೂಲ್. 45 ಡಿಗ್ರಿಯಲ್ಲಿ ಘಟಕ ಸುಮಾರು 14.14 ನ್ಯೂಟನ್, ಉದ್ದ ಸುಮಾರು 2.55 ಮೀಟರ್, ಗುಣಿಸಿದರೆ ಮತ್ತೆ 36 ಜೂಲ್. ಯಾವ ಕೋನ ಹಿಡಿದರೂ ಈ ಗುಣಲಬ್ಧ ತೂಕ ಮತ್ತು ಎತ್ತರದ ಗುಣಲಬ್ಧವೇ ಆಗಿರುತ್ತದೆ, ಅಂದರೆ 20 ನ್ಯೂಟನ್ ಮತ್ತು 1.8 ಮೀಟರ್‌ಗಳ ಗುಣಲಬ್ಧ. ಇಳಿಜಾರು ನೇರವಾಗಿರದೆ ಬಾಗಿದ್ದರೂ ಅದನ್ನು ಚಿಕ್ಕ ಚಿಕ್ಕ ನೇರ ತುಣುಕುಗಳಾಗಿ ಕಲ್ಪಿಸಿಕೊಂಡು ಪ್ರತಿ ತುಣುಕಿನಲ್ಲೂ ಇದೇ ಮಾತನ್ನು ಹೇಳಬಹುದು. ಪ್ರಶ್ನೆಯಲ್ಲಿ ಕೋನವನ್ನು ಕೊಡದಿರಲು ಕಾರಣ ಇಷ್ಟೇ: ಅದು ಬೇಕಾಗಿಯೇ ಇಲ್ಲ.

ನಿಮ್ಮ ಸ್ನೇಹಿತನ ಎರಡು ಸಾಲು ಹೀಗಿರಬೇಕು. ಬುಡಕ್ಕೆ ಬರುವಷ್ಟರಲ್ಲಿ 36 ಜೂಲ್ ಪ್ರಚ್ಛನ್ನ ಶಕ್ತಿ ಚಲನಶಕ್ತಿಯಾಗಿ ಬದಲಾಗಿದೆ. ನೆಲದ ಮೇಲೆ ಘರ್ಷಣಾ ಬಲ 20 ನ್ಯೂಟನ್‌ನ 0.3 ಭಾಗ, ಅಂದರೆ 6 ನ್ಯೂಟನ್. 36 ಜೂಲ್‌ಗಳನ್ನು 6 ನ್ಯೂಟನ್‌ನಿಂದ ಭಾಗಿಸಿದರೆ 6 ಮೀಟರ್.

ಈಗ ಪ್ರಶ್ನೆಯನ್ನು ಸ್ವಲ್ಪ ಬದಲಿಸೋಣ. ತುಂಡು ಇಳಿಜಾರಿನ ಬುಡ ತಲುಪಲು ಎಷ್ಟು ಸಮಯ ಬೇಕು? 30 ಡಿಗ್ರಿಯಾದರೆ ವೇಗ 6, ವೇಗೋತ್ಕರ್ಷ 5, ಸಮಯ 1.2 ಸೆಕೆಂಡ್. 45 ಡಿಗ್ರಿಯಾದರೆ ಸುಮಾರು 0.85 ಸೆಕೆಂಡ್. ದೂರದ ಪ್ರಶ್ನೆಯಲ್ಲಿ ಕಾಣೆಯಾಗಿದ್ದ ಕೋನ ಸಮಯದ ಪ್ರಶ್ನೆಯಲ್ಲಿ ಮರಳಿ ಬಂದು ಕುಳಿತಿದೆ. ಶಕ್ತಿಯ ಸಮೀಕರಣದಲ್ಲಿ ಸಮಯವೆಂಬುದೇ ಇಲ್ಲದಿರುವುದರಿಂದ ಅದು ಸಮಯವನ್ನು ಕುರಿತು ಏನನ್ನೂ ಹೇಳಲಾರದು. ನೀವು ಕೇಳಿದ ಉಪಾಯ ಇಲ್ಲಿಯೇ ಇದೆ. ಬಲವನ್ನು ದೂರದಿಂದ ಗುಣಿಸಿದರೆ ಸಿಗುವುದು ಚಲನಶಕ್ತಿಯ ಬದಲಾವಣೆ. ಬಲವನ್ನು ಸಮಯದಿಂದ ಗುಣಿಸಿದರೆ ಸಿಗುವುದು ಸಂವೇಗದ, ಅಂದರೆ ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧದ, ಬದಲಾವಣೆ. ಬುಡದಲ್ಲಿ ನಿಮ್ಮ ತುಂಡಿನ ಚಲನಶಕ್ತಿ 36 ಜೂಲ್, ಸಂವೇಗ 12 ಕಿಲೋಗ್ರಾಂ ಮೀಟರ್ ಪ್ರತಿ ಸೆಕೆಂಡ್. ಅದೇ 6 ನ್ಯೂಟನ್‌ನಿಂದ ಮೊದಲನೆಯದನ್ನು ಭಾಗಿಸಿದರೆ ನಿಲ್ಲಲು ಬೇಕಾದ ದೂರ 6 ಮೀಟರ್ ಎಂದೂ, ಎರಡನೆಯದನ್ನು ಭಾಗಿಸಿದರೆ ನಿಲ್ಲಲು ಬೇಕಾದ ಸಮಯ 2 ಸೆಕೆಂಡ್ ಎಂದೂ ಸಿಗುತ್ತದೆ. ಪ್ರಶ್ನೆ ದೂರವನ್ನು ಕುರಿತು ಮಾತನಾಡುತ್ತಿದೆಯೋ ಸಮಯವನ್ನು ಕುರಿತೋ ಎಂದು ಮೊದಲು ನೋಡಿ, ಆಮೇಲೆ ಸೂತ್ರದ ಕಡೆಗೆ ಹೋಗಿ.

2 ಕಿಲೋಗ್ರಾಂ ಎಂಬ ಮಾಹಿತಿಯೂ ಇಲ್ಲಿ ಬೇಕಾಗಿರಲಿಲ್ಲ ಎಂಬುದನ್ನು ಗಮನಿಸಿದಿರಾ? ತುಂಡು 50 ಕಿಲೋಗ್ರಾಂ ಇದ್ದರೂ ಉತ್ತರ 6 ಮೀಟರೇ. ಎಳೆಯುವ ಬಲವೂ ತಡೆಯುವ ಬಲವೂ ದ್ರವ್ಯರಾಶಿಗೆ ಅನುಗುಣವಾಗಿಯೇ ಹೆಚ್ಚುತ್ತವೆ. 1971ರಲ್ಲಿ ಅಪೋಲೋ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಬಿಟ್ಟಾಗ ಎರಡೂ ಒಟ್ಟಿಗೇ ನೆಲ ಮುಟ್ಟಿದ್ದರ ಹಿಂದೆಯೂ ಇದೇ ಕಾರಣವಿದೆ.

ಉತ್ತರ 2

ಮೇಲಿನ ಉತ್ತರದಲ್ಲಿ ಲೆಕ್ಕವೆಲ್ಲ ಸರಿಯಾಗಿದೆ, ಆದರೆ ಕ್ರಮದ ವಿಷಯದಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ದೂರವೋ ಸಮಯವೋ ಎಂದು ಕೇಳುವುದಕ್ಕೆ ಮುಂಚೆ ಬಲಚಿತ್ರ, ಅಂದರೆ ವಸ್ತುವಿನ ಮೇಲಿನ ಬಲಗಳನ್ನು ಬಾಣಗಳಿಂದ ತೋರಿಸುವ ಚಿತ್ರ, ಬರೆಯಲೇಬೇಕು. ಶಕ್ತಿಯ ದಾರಿ ಚಿಕ್ಕದೆಂದು ಗೊತ್ತಾದ ವಿದ್ಯಾರ್ಥಿಗಳು ಬಲಗಳನ್ನು ನೋಡದೆಯೇ ‘ಪ್ರಚ್ಛನ್ನ ಶಕ್ತಿ ಚಲನಶಕ್ತಿಗೆ ಸಮ’ ಎಂದು ಬರೆದುಬಿಡುವುದನ್ನು ನಾನು ಬೇಕಾದಷ್ಟು ಉತ್ತರಪತ್ರಿಕೆಗಳಲ್ಲಿ ಕಂಡಿದ್ದೇನೆ. ಈ ಲೆಕ್ಕದಲ್ಲಿ ಅದು ನಡೆಯಿತು, ಏಕೆಂದರೆ ಇಳಿಜಾರು ನುಣುಪಾಗಿತ್ತು, ಮತ್ತು ಇಳಿಜಾರು ತುಂಡನ್ನು ತಳ್ಳುವ ಲಂಬ ಬಲ ಯಾವಾಗಲೂ ಚಲನೆಯ ದಿಕ್ಕಿಗೆ 90 ಡಿಗ್ರಿಯಲ್ಲಿದ್ದುದರಿಂದ ಅದು ಮಾಡಿದ ಕೆಲಸ ಸೊನ್ನೆಯಾಗಿತ್ತು. ಈ ಎರಡು ಮಾತುಗಳನ್ನು ಹೇಳಬೇಕಾದರೆ ಬಲಗಳು ಯಾವುವೆಂದು ಗೊತ್ತಿರಬೇಕಲ್ಲವೇ? ಅದೇ ಇಳಿಜಾರು ನೇರವಾಗಿದ್ದು ಒರಟಾಗಿದ್ದರೆ, ಘರ್ಷಣೆ ತಿಂದುಹಾಕುವ ಶಕ್ತಿಯು ಇಳಿಜಾರು ಅಡ್ಡಲಾಗಿ ಎಷ್ಟು ಚಾಚಿದೆ ಎಂಬುದನ್ನು ಅವಲಂಬಿಸುತ್ತದೆ. ಆಗ ಕೋನವಿಲ್ಲದೆ ಲೆಕ್ಕ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ಬಲಚಿತ್ರ ಬರೆಯುವಾಗ ಒಂದೇ ವಸ್ತುವನ್ನು ಆರಿಸಿಕೊಳ್ಳಿ. ಅದರ ಸುತ್ತ ಒಂದು ಗೆರೆ ಎಳೆದು, ಆ ಗೆರೆಯ ಹೊರಗಿನಿಂದ ಅದನ್ನು ಏನೇನು ಮುಟ್ಟುತ್ತಿದೆ ಎಂದು ಕೇಳಿಕೊಳ್ಳಿ. ಮುಟ್ಟುವ ಪ್ರತಿಯೊಂದು ವಸ್ತುವೂ ಬಲ ಪ್ರಯೋಗಿಸಬಹುದು. ಮುಟ್ಟದೆಯೇ ಎಳೆಯುವುದು ನಿಮ್ಮ ಮಟ್ಟದ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಭೂಮಿಯೊಂದೇ. ಯಾವ ವಸ್ತು ಪ್ರಯೋಗಿಸುತ್ತಿದೆ ಎಂದು ಹೆಸರಿಸಲಾಗದ ಬಲ ನಿಮ್ಮ ಚಿತ್ರದಲ್ಲಿದ್ದರೆ ಅದನ್ನು ಅಳಿಸಿಬಿಡಿ. ಮೇಲಕ್ಕೆ ಎಸೆದ ಚೆಂಡಿನ ಚಿತ್ರದಲ್ಲಿ ಕೈ ಬಿಟ್ಟ ಮೇಲೂ ಮೇಲ್ಮುಖವಾಗಿ ಒಂದು ‘ಎಸೆತದ ಬಲ’ವನ್ನು ಬರೆಯುವವರು ಬಹಳ. ಅದನ್ನು ಪ್ರಯೋಗಿಸುತ್ತಿರುವುದು ಯಾವುದು ಎಂದು ಕೇಳಿದ ತಕ್ಷಣ ಆ ಬಾಣ ಉಳಿಯುವುದಿಲ್ಲ.

ಇನ್ನು ಪುಸ್ತಕ ಮತ್ತು ಮೇಜು. ಇದಕ್ಕೆ ನಮ್ಮ ವ್ಯಾಕರಣದಲ್ಲಿಯೇ ಸುಲಭವಾದ ಪರೀಕ್ಷೆಯಿದೆ. ಬಲವನ್ನು ಕರ್ತೃ ಮತ್ತು ಕರ್ಮ ಎರಡೂ ಇರುವ ಪೂರ್ಣ ವಾಕ್ಯವಾಗಿ ಬರೆಯಿರಿ: ‘ಭೂಮಿಯು ಪುಸ್ತಕವನ್ನು ಎಳೆಯುತ್ತದೆ.’ ಈಗ ವಿಭಕ್ತಿಗಳನ್ನು ಅದಲು ಬದಲು ಮಾಡಿ, ಕ್ರಿಯಾಪದವನ್ನು ಮುಟ್ಟಬೇಡಿ: ‘ಪುಸ್ತಕವು ಭೂಮಿಯನ್ನು ಎಳೆಯುತ್ತದೆ.’ ನ್ಯೂಟನ್ನನ ಮೂರನೆಯ ನಿಯಮದ ಜೋಡಿ ಇದು. ಪುಸ್ತಕದ ತೂಕಕ್ಕೆ ಪ್ರತಿಕ್ರಿಯೆ ಭೂಮಿಯ ಮೇಲೆ ಇದೆ, ಮೇಜಿನಲ್ಲಿಲ್ಲ. ‘ಮೇಜು ಪುಸ್ತಕವನ್ನು ತಳ್ಳುತ್ತದೆ’ ಎಂಬುದನ್ನು ತಿರುಗಿಸಿದರೆ ‘ಪುಸ್ತಕವು ಮೇಜನ್ನು ತಳ್ಳುತ್ತದೆ’ ಎಂದಾಗುತ್ತದೆ, ಅದು ಬೇರೆಯೇ ಜೋಡಿ. ನೀವು ಬರೆದ ಎರಡು ಬಲಗಳಲ್ಲಿ ಕರ್ಮ ಎರಡು ಕಡೆಯೂ ಪುಸ್ತಕವೇ ಆಗಿರುವುದರಿಂದ ಅವು ಜೋಡಿಯಾಗಲಾರವು. ಅವು ಸಮವಾಗಿರುವುದು ಪುಸ್ತಕ ನಿಶ್ಚಲವಾಗಿರುವುದರಿಂದ ಮಾತ್ರ, ಅಂದರೆ ಎರಡನೆಯ ನಿಯಮದ ಪ್ರಕಾರ. ಮೇಜನ್ನು ಲಿಫ್ಟಿನೊಳಗೆ ಇಟ್ಟು ಲಿಫ್ಟು ಮೇಲ್ಮುಖವಾಗಿ 2 ಮೀ/ಸೆ² ವೇಗೋತ್ಕರ್ಷ ಪಡೆಯುವಂತೆ ಮಾಡಿದರೆ, 1 ಕಿಲೋಗ್ರಾಂ ಪುಸ್ತಕದ ತೂಕ 10 ನ್ಯೂಟನ್ನೇ ಉಳಿದು ಮೇಜಿನ ತಳ್ಳುವಿಕೆ 12 ನ್ಯೂಟನ್ ಆಗುತ್ತದೆ. ಕ್ರಿಯೆ ಮತ್ತು ಪ್ರತಿಕ್ರಿಯೆಗಳು ಯಾವ ಕಾಲಕ್ಕೂ ಹೀಗೆ ಅಸಮವಾಗುವುದಿಲ್ಲ. ನಿಮ್ಮ ಅಂಕ ಕಳೆದವರು ಸರಿಯಾಗಿಯೇ ಕಳೆದಿದ್ದಾರೆ.

ಘರ್ಷಣೆಯ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ‘ಘರ್ಷಣೆ ಯಾವಾಗಲೂ ಚಲನೆಯನ್ನು ವಿರೋಧಿಸುತ್ತದೆ’ ಎಂದು ನಿಮ್ಮ ಟಿಪ್ಪಣಿಯಲ್ಲಿದ್ದರೆ ತಿದ್ದಿಕೊಳ್ಳಿ. ಅದು ವಿರೋಧಿಸುವುದು ಎರಡು ಮೇಲ್ಮೈಗಳು ಒಂದರ ಮೇಲೊಂದು ಜಾರುವುದನ್ನು. ನಡೆಯುವಾಗ ಪಾದ ಹಿಂದಕ್ಕೆ ಜಾರಲು ನೋಡುತ್ತದೆ, ನೆಲದ ಘರ್ಷಣೆ ಪಾದವನ್ನು ಮುಂದಕ್ಕೆ ತಳ್ಳುತ್ತದೆ. ಆ ಬಲವಿಲ್ಲದಿದ್ದರೆ ಯಾರೂ ನಡೆಯುವಂತಿರಲಿಲ್ಲ.

ಉತ್ತರ 3

ಮೇಲಿನ ಇಬ್ಬರ ಜಗಳದಲ್ಲಿ ನಾನು ಸೇರುವುದಿಲ್ಲ. ಬಲಚಿತ್ರ ಬರೆಯಲು ಅರ್ಧ ನಿಮಿಷವೂ ಬೇಡವಾದ್ದರಿಂದ ಎರಡನ್ನೂ ಮಾಡಬಹುದು. ದೂರ ಮತ್ತು ಸಮಯ ಎಂಬ ಭೇದ ಮಾತ್ರ ತುಂಬ ಹಳೆಯದು, ಮತ್ತು ಅದು ಗೊತ್ತಿಲ್ಲದೆ ದೊಡ್ಡ ದೊಡ್ಡವರೇ ದಶಕಗಳ ಕಾಲ ವಾದ ಮಾಡಿದ್ದಾರೆ ಎಂಬುದನ್ನು ತಿಳಿದರೆ ಪ್ರಶ್ನೆ ಕೇಳಿದವರಿಗೆ ಸಮಾಧಾನವಾದೀತು.

ಚಲಿಸುವ ವಸ್ತುವಿನಲ್ಲಿ ‘ಎಷ್ಟು’ ಚಲನೆಯಿದೆ ಎಂಬುದನ್ನು ಅಳೆಯಲು ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟ್ ವಸ್ತುವಿನ ಗಾತ್ರವನ್ನು ಅದರ ಜವದಿಂದ ಗುಣಿಸಬೇಕೆಂದಿದ್ದ. 1686ರಲ್ಲಿ ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್ ಅದನ್ನು ಒಪ್ಪದೆ, ವೇಗದ ವರ್ಗದಿಂದ ಗುಣಿಸಬೇಕೆಂದು ಬರೆದ. ಅನಂತರ 1720ರ ದಶಕದಲ್ಲಿ ಹಾಲೆಂಡಿನ ಗ್ರಾವೆಸಾಂಡೆ ಎಂಬ ವಿಜ್ಞಾನಿ ಲೋಹದ ಗುಂಡುಗಳನ್ನು ಬೇರೆ ಬೇರೆ ಎತ್ತರಗಳಿಂದ ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ, ಮಣ್ಣಿನಲ್ಲಾದ ಗುಳಿಗಳನ್ನು ಹೋಲಿಸಿ ನೋಡಿದ. ಗುಂಡಿನ ಪ್ರಭಾವ ವೇಗದ ವರ್ಗವನ್ನು ಅನುಸರಿಸುತ್ತಿತ್ತು. ಫ್ರಾನ್ಸಿನ ಎಮಿಲಿ ದು ಶಾತಲೆ ಈ ಪ್ರಯೋಗವನ್ನು ಮುಂದಿಟ್ಟುಕೊಂಡು ಲೈಬ್ನಿಟ್ಸ್‌ನ ಪರವಾಗಿ ವಾದಿಸಿದಳು. ಇಂದು ನೋಡಿದರೆ ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ಸರಿ. ಡೆಕಾರ್ಟನ ಅಳತೆಗೆ ದಿಕ್ಕನ್ನು ಸೇರಿಸಿ ಸರಿಪಡಿಸಿದರೆ ನಮ್ಮ ಸಂವೇಗ. ಲೈಬ್ನಿಟ್ಸ್‌ನ ಅಳತೆಯ ಅರ್ಧ ನಮ್ಮ ಚಲನಶಕ್ತಿ. ‘ಕೆಲಸ’ ಎಂಬ ಪದವನ್ನು ಬಲ ಮತ್ತು ದೂರದ ಗುಣಲಬ್ಧಕ್ಕೆ ಮೀಸಲಿಟ್ಟು, ಆ ‘ಅರ್ಧ’ವನ್ನು ಸೇರಿಸಿದವನು ಫ್ರಾನ್ಸಿನ ಗಣಿತಜ್ಞ ಕೊರಿಯೊಲಿ, 1829ರಲ್ಲಿ.

ಈ ಭೇದವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವುದು ಬ್ರೇಕಿನ ಲೆಕ್ಕ. 1000 ಕಿಲೋಗ್ರಾಂ ಕಾರೊಂದು ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿದೆ. ಬ್ರೇಕ್ ಹಾಕಿದಾಗ ರಸ್ತೆಯಿಂದ 5000 ನ್ಯೂಟನ್ ತಡೆ ಸಿಗುತ್ತದೆಂದುಕೊಳ್ಳಿ. ಸಂವೇಗ 10,000, ಆದ್ದರಿಂದ ನಿಲ್ಲಲು 2 ಸೆಕೆಂಡ್. ಚಲನಶಕ್ತಿ 50,000 ಜೂಲ್, ಆದ್ದರಿಂದ ನಿಲ್ಲುವಷ್ಟರಲ್ಲಿ 10 ಮೀಟರ್. ಈಗ ವೇಗವನ್ನು ಗಂಟೆಗೆ 72 ಕಿಲೋಮೀಟರಿಗೆ ಏರಿಸಿ. ಸಂವೇಗ ಎರಡರಷ್ಟಾಗಿ ನಿಲ್ಲುವ ಸಮಯ 4 ಸೆಕೆಂಡಾಗುತ್ತದೆ, ಆದರೆ ಚಲನಶಕ್ತಿ 2,00,000 ಜೂಲ್ ಆಗಿ ನಿಲ್ಲುವ ದೂರ 40 ಮೀಟರಾಗುತ್ತದೆ. ವೇಗ ಎರಡರಷ್ಟಾದರೆ ಎಷ್ಟು ಹೆಚ್ಚು ಅಪಾಯ ಎಂಬ ಪ್ರಶ್ನೆಗೆ ‘ಎರಡರಷ್ಟು’ ಎಂದವನೂ ‘ನಾಲ್ಕರಷ್ಟು’ ಎಂದವನೂ ಒಂದೊಂದು ಅಳತೆಯನ್ನು ಹಿಡಿದು ಮಾತನಾಡುತ್ತಿರುತ್ತಾರೆ. ರಸ್ತೆಗೆ ಅಡ್ಡ ಬಂದವನಿಗೆ ಲೆಕ್ಕಕ್ಕೆ ಬರುವುದು ಮಾತ್ರ ದೂರ.

ಗೊಂದಲಕ್ಕೆ ಭಾಷೆಯೂ ಸ್ವಲ್ಪ ಕಾರಣ. ದಿನದ ಮಾತಿನಲ್ಲಿ ‘ಅವನಿಗೆ ಬಲವಿದೆ’, ‘ಅವನಿಗೆ ಶಕ್ತಿಯಿದೆ’, ‘ಅವನಿಗೆ ಸಾಮರ್ಥ್ಯವಿದೆ’ ಎಂಬ ಮೂರನ್ನೂ ನಾವು ಒಂದೇ ಅರ್ಥದಲ್ಲಿ ಹೇಳುತ್ತೇವೆ. ಭೌತಶಾಸ್ತ್ರದಲ್ಲಿ ಒಂದು ನ್ಯೂಟನ್‌ನಲ್ಲಿಯೂ ಇನ್ನೊಂದು ಜೂಲ್‌ನಲ್ಲಿಯೂ ಮತ್ತೊಂದು ವ್ಯಾಟ್‌ನಲ್ಲಿಯೂ ಅಳೆಯಲ್ಪಡುವ ಮೂರು ಬೇರೆ ಬೇರೆ ಸಂಗತಿಗಳು ಅವು. ಭಾರವಾದ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಅಲುಗಾಡದೆ ನಿಂತವನು ಬೆವರು ಸುರಿಸಿದರೂ ಪೆಟ್ಟಿಗೆಯ ಮೇಲೆ ಆಗುವ ಕೆಲಸ ಸೊನ್ನೆ. ದಣಿವು ಸುಳ್ಳಲ್ಲ, ಸ್ನಾಯುವಿನ ಎಳೆಗಳು ಒಳಗೊಳಗೇ ಸಂಕುಚಿಸಿ ಸಡಿಲಗೊಳ್ಳುತ್ತ ಆಹಾರದಿಂದ ಬಂದ ಶಕ್ತಿಯನ್ನು ಖರ್ಚು ಮಾಡುತ್ತಿರುತ್ತವೆ, ಅದು ಶಾಖವಾಗಿ ಹೊರಹೋಗುತ್ತದೆ. ಪೆಟ್ಟಿಗೆಗೆ ಮಾತ್ರ ಅದರಲ್ಲಿ ಏನೂ ಸಿಕ್ಕಿರುವುದಿಲ್ಲ. ಉತ್ತರ ಬರೆದ ಮೇಲೆ ಏಕಮಾನವನ್ನೊಮ್ಮೆ ನೋಡಿಕೊಂಡರೆ ಇಂಥ ಬಹಳಷ್ಟು ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ವಿಭಕ್ತಿ ಬದಲಿಸುವ ಪರೀಕ್ಷೆಯಿಂದ ಮೂರನೆಯ ನಿಯಮದ ಐದು ಪ್ರಶ್ನೆಗಳನ್ನು ಮಾಡಿ ನೋಡಿದೆ, ಐದೂ ಸರಿಯಾದವು. ಆದರೆ ‘ದೂರವಾದರೆ ಶಕ್ತಿ’ ಎಂಬ ಮಾತನ್ನು ನಂಬಿ ಮುಂದಿನ ಲೆಕ್ಕದಲ್ಲಿ ಎಡವಿದ್ದೇನೆ.

ಅದೇ ತುಂಡು, ಅದೇ ಇಳಿಜಾರು. ಬುಡದಲ್ಲಿ 1 ಕಿಲೋಗ್ರಾಂನ ಇನ್ನೊಂದು ತುಂಡು ನಿಶ್ಚಲವಾಗಿದೆ. ಮೊದಲನೆಯದು ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಬಂದು ಅದಕ್ಕೆ ಢಿಕ್ಕಿ ಹೊಡೆದು ಅಂಟಿಕೊಳ್ಳುತ್ತದೆ, ಎರಡೂ ಒಟ್ಟಿಗೆ ಒರಟು ನೆಲದ ಮೇಲೆ ಸಾಗಿ ನಿಲ್ಲುತ್ತವೆ. ಸಾಗಿದ ದೂರ ಎಷ್ಟು? ದೂರ ಕೇಳಿದ್ದರಿಂದ ಶಕ್ತಿಯನ್ನು ಹಿಡಿದೆ. ಒಟ್ಟು ಶಕ್ತಿ 36 ಜೂಲ್, ಒಟ್ಟು ತೂಕ 30 ನ್ಯೂಟನ್, ಘರ್ಷಣೆ 9 ನ್ಯೂಟನ್, ಆದ್ದರಿಂದ ದೂರ 4 ಮೀಟರ್. ಪುಸ್ತಕದ ಉತ್ತರ 2.67 ಮೀಟರ್ ಎಂದಿದೆ. ಶಕ್ತಿ ನಾಶವಾಗುವುದಿಲ್ಲವೆಂದು ನಿಯಮವೇ ಇರುವಾಗ ಉಳಿದ ಶಕ್ತಿ ಎಲ್ಲಿಗೆ ಹೋಯಿತು?

ಉತ್ತರ 1

ತಪ್ಪು ನಿಮ್ಮದಷ್ಟೇ ಅಲ್ಲ, ನನ್ನದೂ ಹೌದು. ಉಪಾಯವನ್ನು ತೀರ ಚಿಕ್ಕದಾಗಿ ಹೇಳಿಬಿಟ್ಟೆ. ಉತ್ತರ 2ರವರ ಎಚ್ಚರಿಕೆ ಇಲ್ಲಿ ನೇರವಾಗಿ ಅನ್ವಯಿಸುತ್ತದೆ.

ಈ ಲೆಕ್ಕದಲ್ಲಿ ಮೂರು ಘಟ್ಟಗಳಿವೆ: ಜಾರುವುದು, ಢಿಕ್ಕಿ, ನೆಲದ ಮೇಲೆ ಸಾಗುವುದು. ಮೊದಲ ಮತ್ತು ಕೊನೆಯ ಘಟ್ಟಗಳಲ್ಲಿ ಬಲಗಳು ನಮಗೆ ಗೊತ್ತು, ಆದ್ದರಿಂದ ಅವು ಮಾಡುವ ಕೆಲಸವೂ ಗೊತ್ತು. ನಡುವಿನ ಢಿಕ್ಕಿಯಲ್ಲಿ ತುಂಡುಗಳು ಒಂದನ್ನೊಂದು ಎಷ್ಟು ಬಲದಿಂದ ತಳ್ಳಿದವು, ಎಷ್ಟು ನಜ್ಜುಗುಜ್ಜಾದವು ಎಂಬುದು ಯಾರಿಗೂ ಗೊತ್ತಿಲ್ಲ. ಹೀಗಿದ್ದರೂ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು: ಮೊದಲನೆಯದು ಎರಡನೆಯದನ್ನು ಎಷ್ಟು ಹೊತ್ತು ತಳ್ಳಿತೋ ಎರಡನೆಯದೂ ಮೊದಲನೆಯದನ್ನು ಅಷ್ಟೇ ಹೊತ್ತು, ಅಷ್ಟೇ ಬಲದಿಂದ, ಎದುರು ದಿಕ್ಕಿನಲ್ಲಿ ತಳ್ಳಿತು. ಬಲ ಮತ್ತು ಸಮಯದ ಗುಣಲಬ್ಧ ಎರಡಕ್ಕೂ ಸಮ, ದಿಕ್ಕು ಮಾತ್ರ ವಿರುದ್ಧ. ಆದ್ದರಿಂದ ಒಂದು ಕಳೆದುಕೊಂಡ ಸಂವೇಗವನ್ನು ಇನ್ನೊಂದು ಪಡೆಯುತ್ತದೆ. ಆದರೆ ಢಿಕ್ಕಿಯ ಆ ಕ್ಷಣದಲ್ಲಿ ಎರಡು ತುಂಡುಗಳೂ ಸಮ ದೂರ ಚಲಿಸಲಿಲ್ಲ. ಹಿಂದಿನಿಂದ ಬಂದದ್ದು ಹೆಚ್ಚು ಸರಿಯಿತು, ನಿಂತದ್ದು ಕಡಿಮೆ ಸರಿಯಿತು, ಆ ವ್ಯತ್ಯಾಸದಷ್ಟು ಮರ ಅದುಮಿಕೊಂಡಿತು. ದೂರ ಸಮವಲ್ಲದ ಮೇಲೆ ಕೆಲಸವೂ ಸಮವಲ್ಲ.

ಹಾಗಾಗಿ ಢಿಕ್ಕಿಗೆ ಸಂವೇಗವನ್ನೇ ಹಿಡಿಯಬೇಕು. ಮೊದಲಿನ ಸಂವೇಗ 12, ಅನಂತರದ ದ್ರವ್ಯರಾಶಿ 3 ಕಿಲೋಗ್ರಾಂ, ವೇಗ ಸೆಕೆಂಡಿಗೆ 4 ಮೀಟರ್. ಈಗಿನ ಚಲನಶಕ್ತಿ 24 ಜೂಲ್. ಅದನ್ನು 9 ನ್ಯೂಟನ್‌ನಿಂದ ಭಾಗಿಸಿ, ನಿಮ್ಮ ಪುಸ್ತಕದ 2.67 ಮೀಟರ್ ಬರುತ್ತದೆ. ಕಾಣೆಯಾದ 12 ಜೂಲ್ ಮರ ಅದುಮಿಕೊಳ್ಳುವುದರಲ್ಲಿ, ಸದ್ದಿನಲ್ಲಿ, ಬಹುಪಾಲು ತುಂಡುಗಳು ತುಸು ಬಿಸಿಯಾಗುವುದರಲ್ಲಿ ಹೋಗಿದೆ. ಶಕ್ತಿ ನಾಶವಾಗಿಲ್ಲ, ಚಲನಶಕ್ತಿಯಾಗಿ ಉಳಿದಿಲ್ಲ, ಅಷ್ಟೇ. 1840ರ ದಶಕದಲ್ಲಿ ಜೇಮ್ಸ್ ಜೂಲ್ ಎಂಬ ವಿಜ್ಞಾನಿ ಬೀಳುವ ತೂಕಗಳಿಂದ ನೀರಿನಲ್ಲಿ ಹುಟ್ಟುಗಳನ್ನು ತಿರುಗಿಸಿ ನೀರು ಎಷ್ಟು ಬಿಸಿಯಾಯಿತೆಂದು ಅಳೆದದ್ದು ಇಂಥ ‘ಕಾಣೆಯಾದ’ ಶಕ್ತಿಯ ಲೆಕ್ಕವನ್ನು ಹೊಂದಿಸುವುದಕ್ಕಾಗಿಯೇ. 2 ಕಿಲೋಗ್ರಾಂ ನೀರನ್ನು 1 ಮೀಟರ್ ಎತ್ತರದಿಂದ ಬೀಳಿಸಿದರೆ ಅದರ ತಾಪ ಒಂದು ಡಿಗ್ರಿಯ ಸಾವಿರದ ಕೆಲವು ಭಾಗದಷ್ಟು ಮಾತ್ರ ಏರುತ್ತದೆ. ನಮ್ಮ 12 ಜೂಲ್ ಕೈಗೆ ಗೊತ್ತಾಗದಿರುವುದರಲ್ಲಿ ಆಶ್ಚರ್ಯವಿಲ್ಲ.

ಉತ್ತರ 4

ಚರ್ಚೆಯಲ್ಲಿ ಚಲನೆಯ ಪಾಠ ಸ್ವಲ್ಪ ಹಿಂದೆ ಉಳಿದಿದೆ. ಅಲ್ಲಿ ಅಂಕ ಹೋಗುವುದು ಹೆಚ್ಚಾಗಿ ಚಿಹ್ನೆಗಳಿಂದ. ಆದ್ದರಿಂದ ವೇಗ ಮತ್ತು ಕಾಲದ ನಕ್ಷೆಯನ್ನು ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಆ ನಕ್ಷೆಯಲ್ಲಿ ಗೆರೆಯ ಓರೆ ವೇಗೋತ್ಕರ್ಷವನ್ನು ಹೇಳುತ್ತದೆ, ಗೆರೆಯ ಕೆಳಗಿನ ವಿಸ್ತೀರ್ಣ ಸ್ಥಾನಪಲ್ಲಟವನ್ನು ಹೇಳುತ್ತದೆ. ಚಲನೆಯ ಮೂರು ಸಮೀಕರಣಗಳೂ ಈ ಎರಡು ಮಾತುಗಳಿಂದಲೇ ಹುಟ್ಟಿವೆ.

ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದ ಚೆಂಡನ್ನು ತೆಗೆದುಕೊಳ್ಳಿ. ಮೇಲ್ಮುಖ ದಿಕ್ಕು ಧನ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ನಕ್ಷೆ 20ರಿಂದ ಆರಂಭವಾಗಿ, ಸೆಕೆಂಡಿಗೆ 10ರಂತೆ ಇಳಿಯುತ್ತ, 2ನೇ ಸೆಕೆಂಡಿನಲ್ಲಿ ಸೊನ್ನೆಯನ್ನು ದಾಟಿ, 4ನೇ ಸೆಕೆಂಡಿಗೆ ಋಣ 20ಕ್ಕೆ ತಲುಪುವ ಒಂದೇ ನೇರ ಗೆರೆ. ತುತ್ತತುದಿಯಲ್ಲಿ ಗೆರೆ ಎಲ್ಲಿಯೂ ಬಾಗುವುದಿಲ್ಲ, ನಿಲ್ಲುವುದಿಲ್ಲ. ವೇಗ ಸೊನ್ನೆಯಾದ ಕ್ಷಣದಲ್ಲಿ ವೇಗೋತ್ಕರ್ಷವೂ ಸೊನ್ನೆ ಎಂದು ಬರೆಯುವವರಿಗೆ ಈ ಗೆರೆಯನ್ನು ತೋರಿಸಿದರೆ ಸಾಕು. ಅಲ್ಲಿ ವೇಗೋತ್ಕರ್ಷವೂ ಸೊನ್ನೆಯಾಗಿದ್ದರೆ ಚೆಂಡು ಗಾಳಿಯಲ್ಲಿಯೇ ತೂಗಿಕೊಂಡು ಇದ್ದುಬಿಡಬೇಕಾಗಿತ್ತು. ಸೊನ್ನೆಯ ಮೇಲಿನ ತ್ರಿಕೋನದ ವಿಸ್ತೀರ್ಣ 20 ಮೀಟರ್, ಕೆಳಗಿನದು ಋಣ 20 ಮೀಟರ್. ಕೂಡಿದರೆ ಸ್ಥಾನಪಲ್ಲಟ ಸೊನ್ನೆ, ಚಿಹ್ನೆ ಬಿಟ್ಟು ಕೂಡಿದರೆ ಸಾಗಿದ ದೂರ 40 ಮೀಟರ್.

ಅದೇ ಚೆಂಡನ್ನು 25 ಮೀಟರ್ ಎತ್ತರದ ಕಟ್ಟಡದ ಅಂಚಿನಿಂದ ಎಸೆದರೆ ನೆಲ ಮುಟ್ಟಲು ಎಷ್ಟು ಸಮಯ ಬೇಕು, ನೆಲ ಮುಟ್ಟುವಾಗ ವೇಗ ಎಷ್ಟು ಎಂದು ಮಾಡಿ ನೋಡಿ. ಮೊದಲನೆಯದು ಸಮಯದ ಪ್ರಶ್ನೆ. ಎರಡನೆಯದನ್ನು ಶಕ್ತಿಯಿಂದಲೂ ಪರೀಕ್ಷಿಸಬಹುದು.

ಪ್ರಶ್ನೆ ಕೇಳಿದವರು

ಮಾಡಿದೆ. ಮೇಲ್ಮುಖ ಧನ, ಸ್ಥಾನಪಲ್ಲಟ ಋಣ 25 ಮೀಟರ್ ಎಂದು ಹಾಕಿದಾಗ ವರ್ಗಸಮೀಕರಣ ಬಂತು. ಅದರ ಮೂಲಗಳು 5 ಸೆಕೆಂಡ್ ಮತ್ತು ಋಣ 1 ಸೆಕೆಂಡ್. 5 ಸೆಕೆಂಡನ್ನು ಇಟ್ಟುಕೊಂಡರೆ ವೇಗ ಕೆಳಮುಖವಾಗಿ ಸೆಕೆಂಡಿಗೆ 30 ಮೀಟರ್. ಶಕ್ತಿಯಿಂದ ಮಾಡಿದಾಗಲೂ 30 ಬಂತು. ದ್ರವ್ಯರಾಶಿ ಈ ಬಾರಿಯೂ ಬೇಕಾಗಲಿಲ್ಲ. ಋಣ 1 ಸೆಕೆಂಡಿಗೆ ಅರ್ಥವಿಲ್ಲವೆಂದು ಹೊಡೆದುಹಾಕಿದ್ದೇನೆ, ಸರಿಯೇ?

ಉತ್ತರ 4

ಪರೀಕ್ಷೆಯಲ್ಲಿ ಹೊಡೆದುಹಾಕುವುದು ಸರಿ, ಏಕೆಂದರೆ ಎಸೆಯುವುದಕ್ಕೆ ಮೊದಲಿನ ಕಾಲವನ್ನು ಪ್ರಶ್ನೆ ಕೇಳಿಲ್ಲ. ಆದರೆ ಅದಕ್ಕೆ ಅರ್ಥವಿಲ್ಲದೆ ಇಲ್ಲ. ನಿಮ್ಮ ಚೆಂಡು ಅಂಚನ್ನು ಬಿಡುವುದಕ್ಕೆ ಸರಿಯಾಗಿ 1 ಸೆಕೆಂಡ್ ಮೊದಲು ಯಾರಾದರೂ ಕಟ್ಟಡದ ಬುಡದಿಂದ ಇನ್ನೊಂದು ಚೆಂಡನ್ನು ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದಿದ್ದರೆ, ಅದು ನೀವು ಎಸೆಯುವ ಕ್ಷಣಕ್ಕೆ 25 ಮೀಟರ್ ಎತ್ತರದಲ್ಲಿ, ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನಿಮ್ಮ ಕೈಯ ಪಕ್ಕದಲ್ಲೇ ಹಾದುಹೋಗುತ್ತಿರುತ್ತದೆ, ಮತ್ತು ಅಲ್ಲಿಂದ ಮುಂದೆ ನೆಲ ಮುಟ್ಟುವವರೆಗೂ ಎರಡೂ ಚೆಂಡುಗಳು ಜೊತೆಜೊತೆಯಾಗಿಯೇ ಸಾಗುತ್ತವೆ.